ಗುಡ್ಡೆ ಕಡಿದ ಜಾಗಕ್ಕೆ ಮಣ್ಣು ಪರೀಕ್ಷೆ: ಕಾಸರಗೋಡಿನ ಒಂದು ಲ್ಯಾಬ್ ಬಗ್ಗೆ

ಕಾಸರಗೋಡು ಪೇಟೆ ಹತ್ತಿರದ ಒಂದು ಲ್ಯಾಬಿಗೆ ನಮ್ಮ ತೋಟದ ಮಣ್ಣು ಕೊಟ್ಟಿದ್ದೆ. ದೂರುಗಳೂ ಇವೆ, ಹಾಗಾಗಿ ಹೆಸರು ಹಾಕುವುದಿಲ್ಲ. ಆದರೆ ಕಾಡು ಕಡಿದು ತೋಟ ಮಾಡಿದ ಜಾಗ ಇರುವವರು ಒಮ್ಮೆ ಇಂಥ ಪರೀಕ್ಷೆ ಮಾಡಿಸಲೇಬೇಕು.

ನಮ್ಮ ಜಾಗ ಮುಳ್ಳೇರಿಯ ಕಡೆ. ಹಿಂದಿನವರು ಕಾಡುಮರ ಕಡಿದು, ಬೆಂಕಿ ಹಾಕಿ, ಜೆಸಿಬಿಯಲ್ಲಿ ಗುಡ್ಡೆಯನ್ನು ಮೆಟ್ಟಿಲಿನ ಹಾಗೆ ತಟ್ಟು ಮಾಡಿ ಅಡಿಕೆ ಇಟ್ಟಿದ್ದರು. ಮೊದಮೊದಲು ಸಸಿ ಚಂದ ಬಂತಂತೆ. ಆಮೇಲೆ ಸೋಗೆ ಹಳದಿ, ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ.

ಲ್ಯಾಬಿನವರ ಒಳ್ಳೆ ಕೆಲಸ ಅಂದರೆ, ತೋಟದ ಮಣ್ಣು ಮಾತ್ರ ತಂದರೆ ಸಾಲದು, ಬೇಲಿಯಾಚೆ ಕಡಿಯದೆ ಉಳಿದ ಕಾಡಿನ ಮಣ್ಣನ್ನೂ ಬೇರೆ ಚೀಲದಲ್ಲಿ ತನ್ನಿ ಎಂದದ್ದು. ರಿಪೋರ್ಟ್ ಬಂದಾಗ ಅದರ ಬೆಲೆ ಗೊತ್ತಾಯಿತು. ಹುಳಿ (ಆಮ್ಲೀಯತೆ) ಎರಡರಲ್ಲೂ ಇತ್ತು, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣೇ ಹಾಗೆ. ಆದರೆ ತೋಟದ ಮಣ್ಣಿನಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಎಲೆ, ಬೇರಿನಿಂದ ಬರುವ ಅಂಶ, ತೀರಾ ಕಡಿಮೆ, ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಕೂಡ.

ಅಲ್ಲಿದ್ದ ಮೇಡಂ ಕೂರಿಸಿ ವಿವರಿಸಿದರು. ನಮ್ಮಂಥ ಮಳೆಕಾಡಿನ ಸತ್ವದ ದೊಡ್ಡ ಪಾಲು ಮರದಲ್ಲಿ, ನೆಲಕ್ಕೆ ಬಿದ್ದ ತರಗೆಲೆಯಲ್ಲಿ ಮತ್ತು ಮೇಲ್ಮಣ್ಣಿನ ತೆಳು ಪದರದಲ್ಲಿ ಇರುತ್ತದೆ. ಎಲೆ ಬೀಳುತ್ತದೆ, ಕೊಳೆಯುತ್ತದೆ, ಬೇರು ಅದನ್ನು ಕೂಡಲೇ ಎಳೆದುಕೊಳ್ಳುತ್ತದೆ. ಸುಟ್ಟರೆ ಬೂದಿಯಿಂದ ಪೊಟ್ಯಾಷ್, ಸುಣ್ಣದ ಅಂಶ ಒಮ್ಮೆಗೆ ಸಿಗುತ್ತದೆ, ಹುಳಿಯೂ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಮೊದಲು ಬೆಳೆ ಚಂದ. ಸಾರಜನಕ ಮಾತ್ರ ಹೊಗೆಯಲ್ಲೇ ಹೋಗುತ್ತದೆ. ಮುರಕಲ್ಲಿನ ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ, ಆ ಕೆಲಸ ಹೆಚ್ಚಾಗಿ ಕೊಳೆತ ಎಲೆಯದ್ದೇ, ಅದು ಕರಗಿಹೋದ ಮೇಲೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರಲ್ಲಿ ಹಾಕಿದ ಗೊಬ್ಬರ ನಿಲ್ಲುವುದಾದರೂ ಹೇಗೆ? ರಂಜಕವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಕಟ್ಟಿಹಾಕುತ್ತವೆ. ಜೆಸಿಬಿ ಹಾಕಿದಲ್ಲಿ ಇನ್ನೂ ಕೆಟ್ಟದು, ಮೇಲ್ಮಣ್ಣು ಅಡಿಗೆ ಹೋಗಿ ಬರಡು ಮಣ್ಣು ಮೇಲೆ ಬಂದಿರುತ್ತದೆ.

ಹಿಂದೆ ಕುಮರಿ (ಜಾಗ ಬದಲಿಸುತ್ತಾ ಮಾಡುವ ಬೇಸಾಯ) ಮಾಡುತ್ತಿದ್ದವರೂ ಕಾಡು ಸುಡುತ್ತಿದ್ದರು, ನಿಜ. ಆದರೆ ಒಂದೆರಡು ಬೆಳೆ ತೆಗೆದು ಆ ಗುಡ್ಡೆಯನ್ನು ವರ್ಷಗಟ್ಟಲೆ ಸುಮ್ನೆ ಬಿಡುತ್ತಿದ್ದರು. ತೋಟ ಇಟ್ಟ ಮೇಲೆ ಬಿಡಲಿಕ್ಕೆ ಎಲ್ಲಿ ಆಗುತ್ತದೆ?

ನನಗೆ ಹೆಚ್ಚು ತಾಗಿದ್ದು ಸೊಪ್ಪಿನ ಮಾತು. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಅಂತ ಶಿಫಾರಸು. ನಮ್ಮ ಹಳೆ ತೋಟಗಳಿಗೆಲ್ಲ ಮೇಲೊಂದು ಸೊಪ್ಪಿನ ಗುಡ್ಡೆ ಇತ್ತು ಅಲ್ವಾ? ಆ ಗುಡ್ಡೆಯನ್ನೇ ತೋಟ ಮಾಡಿದರೆ ಸೊಪ್ಪು ಎಲ್ಲಿಂದ ತರುವುದು? ಈಗ ಅಲಸಂಡೆ ಬಿತ್ತಿ ಬುಡಕ್ಕೆ ಮುಚ್ಚಿಗೆ ಮಾಡಿ, ಬೇಲಿಗೆ ಗೊಬ್ಬರಗಿಡ ನೆಡಿ, ಸೋಗೆ ಸುಡಬೇಡಿ, ರಿಪೋರ್ಟಿನಲ್ಲಿ ಬರೆದಷ್ಟೇ ಸುಣ್ಣ ಹಾಕಿ ಎಂದರು ಮೇಡಂ.

ಇನ್ನು ದೂರು. ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಎತ್ತುವುದಿಲ್ಲ. ಮತ್ತೆ ರಿಪೋರ್ಟ್ ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ. ಇಷ್ಟು ಕನ್ನಡಿಗ ಕೃಷಿಕರಿರುವ ಜಿಲ್ಲೆಯಲ್ಲಿ ಕನ್ನಡದಲ್ಲೂ ಒಂದು ಹಾಳೆ ಕೊಡಬೇಡವೇ? ಮೇಡಂ ಬಾಯಲ್ಲಿ ಹೇಳದಿದ್ದರೆ ನಮ್ಮ ಅಪ್ಪನಿಗೆ ಅದರಲ್ಲಿ ಒಂದಕ್ಷರ ತಿಳಿಯುತ್ತಿರಲಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಹೋಗುವವರು ಮಳೆ ಹಿಡಿಯುವ ಮೊದಲೇ ಹೋಗಿ, ಹೊಸದಾಗಿ ಗೊಬ್ಬರ ಹಾಕಿದ ಬುಡದ ಮಣ್ಣು ತೆಗೆಯಬೇಡಿ, ನೆರಳಲ್ಲಿ ಒಣಗಿಸಿ, ಕಾಡಿನ ಚೀಲಕ್ಕೂ ತೋಟದ ಚೀಲಕ್ಕೂ ಬೇರೆ ಬೇರೆ ಚೀಟಿ ಹಾಕಿ.