ಬರೆಯುವವರಿಗೆಂದೇ ವಾರಭವಿಷ್ಯ: ಮೂರು ತಿಂಗಳು ದುಡ್ಡು ಕೊಟ್ಟು ಓದಿದ್ದು

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಎರಡು ಸ್ಟಾರ್. ಆ ಎರಡೂ ಜ್ಯೋತಿಷ್ಯಕ್ಕೆ ಕೊಟ್ಟಿದ್ದಲ್ಲ.

ಸೇವೆಯ ಹೆಸರು ಬರೆಯುವುದಿಲ್ಲ. ಇಂಥದ್ದು ಈಗ ಬೇಕಾದಷ್ಟಿವೆ. ಬರೆಯುವವರು, ಚಿತ್ರ ಬಿಡಿಸುವವರು, ಹಾಡುವವರು, ರೀಲ್ಸ್ ಮಾಡುವವರು, ಒಟ್ಟಿನಲ್ಲಿ 'ಸೃಜನಶೀಲ ಮನಸ್ಸು'ಗಳಿಗೆ ಅಂತಲೇ ವಾರಕ್ಕೊಂದು ಭವಿಷ್ಯ. ಭಾನುವಾರ ಸಂಜೆ ವಾಟ್ಸಾಪಿಗೆ ಬರುತ್ತದೆ. ಹನ್ನೆರಡೂ ರಾಶಿಯ ಪಿಡಿಎಫ್ ಒಂದು, ನಮ್ಮ ರಾಶಿಗೆ ಮಾತ್ರ ಎರಡು ನಿಮಿಷದ ಆಡಿಯೊ ಒಂದು. ಮೂರು ತಿಂಗಳಿಗೆ 399 ರೂಪಾಯಿ. ನಾನು ಯಾಕೆ ಕಟ್ಟಿದೆ ಅಂದರೆ, ಕತೆ ಬರೆದು ಎಂಟು ತಿಂಗಳಾಗಿತ್ತು. ಎಂಟು ತಿಂಗಳು ಒಂದು ಸಾಲೂ ಹುಟ್ಟದಿದ್ದವನು 399 ರೂಪಾಯಿಗೆ ಏನನ್ನು ಬೇಕಾದರೂ ನಂಬುತ್ತಾನೆ.

ಸೇರುವಾಗ ಕೇಳಿದ್ದು ಹುಟ್ಟಿದ ತಾರೀಖು ಮಾತ್ರ. ಸಮಯ ಬೇಡ, ಊರು ಬೇಡ. ಅಕ್ಟೋಬರ್ 25 ಅಂತ ಒತ್ತಿದೆ. 'ನೀವು ವೃಶ್ಚಿಕ, ಆಳಕ್ಕಿಳಿದು ಬರೆಯುವವರು' ಅಂತ ಬಂತು. ಖುಷಿಯೇನೋ ಆಯಿತು, ಆದರೆ ಅಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿರುವ ನನ್ನ ಜಾತಕದಲ್ಲಿ ಇರುವುದು ಪುಷ್ಯ ನಕ್ಷತ್ರ, ಕಟಕ ರಾಶಿ.

ನಮ್ಮಲ್ಲಿ ರಾಶಿ ಅಂದರೆ ಹುಟ್ಟಿದ ಹೊತ್ತಿಗೆ ಚಂದ್ರ ಎಲ್ಲಿದ್ದನೋ ಅದು. ಇವರು ಹಿಡಿದಿದ್ದು ಸೂರ್ಯನ ರಾಶಿ, ಅದೂ ಪಶ್ಚಿಮದವರ ಸಾಯನ (ವಿಷುವದಿಂದ ಎಣಿಸುವ) ಲೆಕ್ಕದ್ದು. ಆ ಲೆಕ್ಕಕ್ಕೂ ನಮ್ಮ ಪಂಚಾಂಗದ ನಿರಯನ (ನಕ್ಷತ್ರಗಳಿಂದ ಎಣಿಸುವ) ಲೆಕ್ಕಕ್ಕೂ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ, ಹಾಗಾಗಿ ಪಂಚಾಂಗ ತೆಗೆದರೆ ಅವತ್ತು ಸೂರ್ಯ ಇರುವುದು ತುಲಾದಲ್ಲಿ. ಅಂದರೆ ಇರುವವನು ನಾನೊಬ್ಬನೇ, ಆದರೆ ಕಟಕವೂ ಹೌದು, ತುಲಾನೂ ಹೌದು, ವೃಶ್ಚಿಕವೂ ಹೌದು. ತಾರೀಖು ನೋಡಿ ಭವಿಷ್ಯ ಹೇಳುವ ಈ ಪದ್ಧತಿ ಪತ್ರಿಕೆಗಳ ಕಾಲದ್ದು, ಅಂಥ ಹಳೆಯದೇನಲ್ಲ. 1930ರಲ್ಲಿ ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಸಂಡೇ ಎಕ್ಸ್‌ಪ್ರೆಸ್ ಪತ್ರಿಕೆ ಆರ್.ಎಚ್. ನೇಯ್ಲರ್ ಎಂಬವರಿಂದ ಮಗುವಿನ ಭವಿಷ್ಯ ಬರೆಸಿತು. ಓದುಗರಿಗೆ ರುಚಿ ಹತ್ತಿತು, ಅಂಕಣ ಮುಂದುವರಿಯಿತು. ಲಕ್ಷಾಂತರ ಜನರ ಜಾತಕ ಬರೆಯುವುದು ಆಗದ ಮಾತು, ಹನ್ನೆರಡು ಪ್ಯಾರಾ ಆದರೆ ಬರೆಯಬಹುದು ಅಲ್ವಾ?

ಇದನ್ನು ಸಾಗರದಲ್ಲಿರುವ ನಮ್ಮ ಸೋದರಮಾವನಿಗೆ ತೋರಿಸಿದೆ. ಅವರು ಊರಿನವರಿಗೆ ಮುಹೂರ್ತ ಇಟ್ಟುಕೊಡುವವರು. ಕನ್ನಡಕ ಏರಿಸಿ ಪಿಡಿಎಫ್ ಪೂರ್ತಿ ಓದಿದರು. "ಪಂಚಮದಲ್ಲಿ ಶುಕ್ರ ಅಂತ ಬರ್ದಿದ್ದಾರೆ. ಹುಟ್ಟಿದ ಟೈಮ್ ಕೇಳಿದ್ರಾ?" ಅಂದರು. ಇಲ್ಲ ಅಂದೆ. ಪಂಚಮ ಅಂದರೆ ಲಗ್ನದಿಂದ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಯಿಂದ, ಐದನೇ ಮನೆ. "ಎಂತ ಮಾರಾಯ, ಎರಡು ಗಂಟೆಗೊಂದು ಲಗ್ನ ಬದಲಾಗ್ತದೆ, ಟೈಮ್ ಇಲ್ದೆ ಲಗ್ನ ಎಲ್ಲಿಂದ ತಂದ್ರು?" ಮಾವನಿಗೆ ಜಾಸ್ತಿ ಸಿಟ್ಟು ಬಂದಿದ್ದು ಮೂರನೇ ವಾರದ್ದು ನೋಡಿ. ಅದರಲ್ಲಿ ನನಗೆ ಚಂದ್ರಾಷ್ಟಮ ಅಂತ ಎರಡು ದಿನ ಕೊಟ್ಟಿದ್ದರು. ಚಂದ್ರಾಷ್ಟಮ ಅಂದರೆ ಚಂದ್ರ ಎಂಟನೇ ರಾಶಿಯಲ್ಲಿರುವ, ಒಳ್ಳೆಯದಲ್ಲ ಅನ್ನುವ ದಿನಗಳು. ಅದನ್ನು ಎಣಿಸುವುದು ಜನ್ಮರಾಶಿಯಿಂದ, ಕಟಕದವರಿಗೆ ಅದು ಚಂದ್ರ ಕುಂಭದಲ್ಲಿರುವಾಗ. ಇವರು ಇಂಗ್ಲಿಷ್ ವೃಶ್ಚಿಕದಿಂದ ಎಣಿಸಿ ಮಿಥುನಕ್ಕೆ ತಂದು ನಿಲ್ಲಿಸಿದ್ದರು. ಅರ್ಧ ಲಂಡನ್, ಅರ್ಧ ಒಂಟಿಕೊಪ್ಪಲ್ ಪಂಚಾಂಗ. ನಂಬುವವರಿಗೂ ಇದರಿಂದ ಉಪಯೋಗವಿಲ್ಲ ಅನ್ನುವುದು ನನ್ನ ಮೊದಲ ದೂರು.

ಎರಡನೆಯದು ಸ್ವಲ್ಪ ದುಬಾರಿ ದೂರು. ಆಗಸ್ಟಿನಲ್ಲಿ ಒಂದು ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕತೆ ಕಳಿಸಬೇಕಿತ್ತು. ಕೊನೇ ದಿನ ಗುರುವಾರ. ಕತೆ ಹೆಚ್ಚುಕಮ್ಮಿ ಮುಗಿದಿತ್ತು, ಕೊನೆಯ ಪುಟ ಮಾತ್ರ ಇನ್ನೊಮ್ಮೆ ಬರೆಯಬೇಕಿತ್ತು. ಆ ಭಾನುವಾರದ ಆಡಿಯೊದಲ್ಲಿ, ಹಿಂದೆ ಕೊಳಲು ಬಾರಿಸುತ್ತಾ, ಮೆಲುದನಿಯಲ್ಲಿ ಬಂತು: "ಬುಧ ವಕ್ರನಾಗಿದ್ದಾನೆ. ಮಾತು ಮತ್ತು ಬರಹದ ಒಡೆಯ ಅವನು. ಈ ವಾರ ಹೊಸದನ್ನು ಯಾರಿಗೂ ಕಳಿಸಬೇಡಿ, ತಿದ್ದುತ್ತಾ ಇರಿ." ವಕ್ರ ಅಂದರೆ ಗ್ರಹ ಹಿಂದಕ್ಕೆ ಚಲಿಸುವ ಹಾಗೆ ಕಾಣುವುದು. ನಾನು ತಿದ್ದುತ್ತಾ ಇದ್ದೆ. ಸೋಮವಾರ ತಿದ್ದಿದೆ, ಮಂಗಳವಾರ ಅಲ್ಪವಿರಾಮ ತೆಗೆದೆ, ಬುಧವಾರ ಅದೇ ಅಲ್ಪವಿರಾಮ ವಾಪಸ್ ಹಾಕಿದೆ. ಗುರುವಾರ ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು. ಶುಕ್ರವಾರ ಬೆಳಗ್ಗೆ ಎದ್ದು ತಾರೀಖು ನೋಡಿದೆ.

ತಪ್ಪು ಅವರದ್ದು ಅಂತ ಪೂರ್ತಿ ಹೇಳಲಾರೆ. ಆದರೆ ಬರೆಯುವವರ ಸ್ವಭಾವ ಅವರಿಗೆ ಗೊತ್ತಿರಬೇಕಿತ್ತು. ನಾವು ನೆಪ ಹುಡುಕುವ ಜನ. ಚಹಾ ಆರಿತು, ಪೆನ್ನು ಸರಿಯಿಲ್ಲ, ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿದೆ. ಇಂಥವರ ಕೈಗೆ ಒಂದು ಗ್ರಹವನ್ನೇ ಕೊಟ್ಟರೆ ಬಿಡುತ್ತೇವಾ? ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ಬುಧ ವರ್ಷಕ್ಕೆ ಮೂರು ಸಲವಾದರೂ ವಕ್ರ, ಸಲಕ್ಕೆ ಮೂರು ವಾರ, ಅಲ್ಲಿಗೆ ಒಂಬತ್ತು ವಾರ ಹೋಯಿತು. ಚಂದ್ರಾಷ್ಟಮ ಸುಮಾರು 27 ದಿನಕ್ಕೊಮ್ಮೆ ಎರಡೂಕಾಲು ದಿನ, ವರ್ಷಕ್ಕೆ ಒಂದು ತಿಂಗಳು ಅದಕ್ಕೆ. ದಿನಾ ರಾಹುಕಾಲ ಒಂದೂವರೆ ಗಂಟೆ. ಅಮಾವಾಸ್ಯೆ ಬೇರೆ. ಉಳಿದ ಹೊತ್ತಿನಲ್ಲಿ ಆಫೀಸು, ನಿದ್ದೆ, ಮಗುವಿನ ಹೋಂವರ್ಕ್. ಕಾದಂಬರಿ ಬರೆಯಲು ಇನ್ನೊಂದು ಜನ್ಮವೇ ಬೇಕು. ಅಂದ ಹಾಗೆ ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು. ಇವರ ಮೆಸೇಜ್ ಬರುವುದು ಸರಿಯಾಗಿ ಐದಕ್ಕೆ. ಮಾವನಿಗೆ ಇದನ್ನು ಹೇಳಿದಾಗ ಎಲೆ ಅಡಿಕೆ ಉಗುಳಿ ಬಂದು ನಕ್ಕರು. ವಕ್ರ ಗ್ರಹ ದುರ್ಬಲ ಅನ್ನುವುದೇ ತಪ್ಪಂತೆ. ಶಾಸ್ತ್ರದಲ್ಲಿ ಅದಕ್ಕೆ ಚೇಷ್ಟಾಬಲ, ಅಂದರೆ ಚಲನೆಯಿಂದ ಬರುವ ಬಲ, ಅಂತ ಲೆಕ್ಕ ಇದೆಯಂತೆ. "ಕತೆ ಕಳ್ಸಬೇಕಿತ್ತು ನೀನು" ಅಂದರು. ಈಗ ಹೇಳಿ ಏನು ಪ್ರಯೋಜನ ಮಾವ.

ಇನ್ನು ಭವಿಷ್ಯದ ಬರವಣಿಗೆ ಬಗ್ಗೆ. ಓದುವವರು ಬರಹಗಾರರೇ ಆದ್ದರಿಂದ ಇದನ್ನಾದರೂ ನೋಡಿ ಬರೆಯಬೇಕಿತ್ತು. 'ಅರ್ಧಕ್ಕೆ ನಿಂತ ಕೆಲಸವೊಂದು ನಿಮ್ಮನ್ನು ಕರೆಯುತ್ತಿದೆ' ಅನ್ನುವ ಸಾಲು ಎರಡನೇ ವಾರ ಕನ್ಯಾದವರಿಗೆ ಬಂದಿತ್ತು, ಏಳನೇ ವಾರ ಮಕರಕ್ಕೆ, ಒಂಬತ್ತನೇ ವಾರ ನನಗೆ. ಅರ್ಧಕ್ಕೆ ನಿಂತ ಕೆಲಸ ಇಲ್ಲದ ಬರಹಗಾರ ಎಲ್ಲಿದ್ದಾನೆ ಹೇಳಿ. ನಾನು ಆ ವಾರದ ನನ್ನ ಪ್ಯಾರಾವನ್ನು ರಾಶಿಯ ಹೆಸರು ತೆಗೆದು ನಮ್ಮ ಓದುಗೂಟದ ಐದು ಜನರಿಗೆ, 'ನಿಮ್ಮ ಭವಿಷ್ಯ' ಅಂತ ಒಬ್ಬೊಬ್ಬರಿಗೇ ಕಳಿಸಿದೆ. ನಾಲ್ವರು "ಅರೆ, ನನಗೇ ಬರೆದ ಹಾಗಿದೆ" ಅಂದರು. ಐದನೆಯವರು ರಿಟೈರ್ ಆದ ಕನ್ನಡ ಮೇಷ್ಟ್ರು, ಅವರು ಎರಡು ಕಾಗುಣಿತದ ತಪ್ಪು ತಿದ್ದಿ ವಾಪಸ್ ಕಳಿಸಿದರು.

ಈ ಆಟ ನನ್ನದೇನಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮ ಸ್ವಭಾವ' ಅಂತ ಒಂದೊಂದು ಹಾಳೆ ಕೊಟ್ಟು, ಎಷ್ಟು ಸರಿಯಿದೆ ಅಂತ ಐದಕ್ಕೆ ಅಂಕ ಹಾಕಿಸಿದ. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಒಕ್ಕಣೆ, ಅದನ್ನು ಅವನು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ.

ಪರಿಹಾರಗಳೂ ಇದ್ದವು. ಬುಧನಿಗೆ ಹಸಿರು, ಹೆಸರುಕಾಳು ಅಂತ ಎಲ್ಲರಿಗೂ ಗೊತ್ತು. ಇವರು ಅದನ್ನು ಕಾಲಕ್ಕೆ ತಕ್ಕಂತೆ ಮಾಡಿ, ಹಸಿರು ಶಾಯಿಯಲ್ಲಿ ಬರೆಯಿರಿ, ಲ್ಯಾಪ್‌ಟಾಪಿನ ವಾಲ್‌ಪೇಪರ್ ಹಸಿರು ಹಾಕಿ ಅಂದರು. ಹಾಕಿದೆ. ಕಣ್ಣಿಗೆ ಹಿತವಾಗಿದೆ, ಇನ್ನೂ ತೆಗೆದಿಲ್ಲ.

ಹಾಗಾದರೆ ಆ ಎರಡು ಸ್ಟಾರ್ ಎಲ್ಲಿಂದ ಬಂತು? ಪಿಡಿಎಫಿನ ಕೊನೆಯಲ್ಲಿ ಪ್ರತಿ ರಾಶಿಗೂ 'ಈ ವಾರ ಇದನ್ನು ಬರೆಯಿರಿ' ಅಂತ ಒಂದು ಸಾಲು ಇರುತ್ತದೆ. ಅದನ್ನು ಬರೆಯುವವರು ಬೇರೆ ಯಾರೋ ಇರಬೇಕು, ಯಾಕೆಂದರೆ ಅದು ಚೆನ್ನಾಗಿರುತ್ತದೆ. ಐದನೇ ವಾರ ಕಟಕಕ್ಕೆ (ಅಷ್ಟರಲ್ಲಿ ನಾನು ಎರಡೂ ರಾಶಿ ಓದುತ್ತಿದ್ದೆ) ಬಂದಿದ್ದು: 'ಚತುರ್ಥದಲ್ಲಿ ಚಂದ್ರ. ಮನೆಯಲ್ಲಿ ಈಗ ಯಾರೂ ಮುಟ್ಟದ ಒಂದು ವಸ್ತು ತಂದು ಎದುರಿಗಿಟ್ಟುಕೊಂಡು ಬರೆಯಿರಿ.' ಅಟ್ಟ ಹತ್ತಿ ಅಜ್ಜಿಯ ಮೆಟ್ಟುಗತ್ತಿ ಇಳಿಸಿದೆ. ಅಡಿಕೆ ಸುಲಿಯುವಾಗ ಅಜ್ಜಿ ಕಾಲಿಟ್ಟು ಒತ್ತುತ್ತಿದ್ದ ಹಲಗೆ ಒಂದು ಕಡೆ ಮಾತ್ರ ಸವೆದು ತಗ್ಗಾಗಿತ್ತು, ಬೆರಳಿನ ಅಚ್ಚಿನ ಹಾಗೆ. ನನ್ನ ಪಾದ ಇಟ್ಟು ನೋಡಿದೆ, ಹಿಡಿಸಲಿಲ್ಲ, ಅಜ್ಜಿಯದ್ದು ಅಷ್ಟು ಸಣ್ಣ ಪಾದ ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅವತ್ತು ರಾತ್ರಿ ಮೂರು ಪುಟ ಬರೆದೆ. ಎಂಟು ತಿಂಗಳ ಮೇಲೆ ಮೊದಲ ಮೂರು ಪುಟ, ಆಮೇಲೆ ನಾನು ಕಳಿಸದೇ ಬಿಟ್ಟ ಕತೆ ಅದೇ.

ಹನ್ನೆರಡು ವಾರದಲ್ಲಿ ಹನ್ನೊಂದು ಸಲ ಬಂತು, ಒಂದು ಭಾನುವಾರ ಬರಲೇ ಇಲ್ಲ. ಕೇಳಿದರೆ ತಾಂತ್ರಿಕ ತೊಂದರೆ ಅಂದರು. ಬುಧನ ಹೆಸರು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ನೀವು ಜ್ಯೋತಿಷ್ಯ ನಂಬುವವರಾದರೆ ದುಡ್ಡು ಕೊಡಬೇಡಿ, ಗೋಡೆ ಕ್ಯಾಲೆಂಡರಿನ ಹಿಂದೆ ಇದಕ್ಕಿಂತ ಸರಿಯಾದದ್ದು ಇದೆ. ನಂಬದವರಾದರೆ, ಬರೆಯಲು ವಾರಕ್ಕೊಂದು ವಿಷಯ ಬೇಕು ಅನ್ನುವುದಾದರೆ, ಒಂದು ತಿಂಗಳ ಮಟ್ಟಿಗೆ ತೊಂದರೆಯಿಲ್ಲ, 149 ರೂಪಾಯಿ. ಆಡಿಯೊ ಮಾತ್ರ ಕೇಳಬೇಡಿ. ಆ ಕೊಳಲು ಕೇಳಿದರೆ ಯಾವ ಕೆಲಸವನ್ನು ಬೇಕಾದರೂ ನಾಳೆಗೆ ಇಡಬಹುದು ಅನ್ನಿಸುತ್ತದೆ.

ಚಂದಾ ಮುಗಿಯುವ ವಾರ 'ನವೀಕರಿಸಿ' ಅಂತ ಮೆಸೇಜ್ ಬಂತು. ಅದರ ಜೊತೆಗೇ ಬಂದ ಪಿಡಿಎಫಿನಲ್ಲಿ ವೃಶ್ಚಿಕದವರು ಬೇಡದ ಖರ್ಚು ಕಡಿಮೆ ಮಾಡಬೇಕು ಅಂತ ಇತ್ತು. ಮಾಡಿದೆ. 'ನಿಲ್ಲಿಸಿ' ಅಂತ ಮೂರು ಸಲ ಕಳಿಸಿದ್ದೇನೆ, ಆದರೂ ಮೊನ್ನೆ ಭಾನುವಾರ ಐದು ಗಂಟೆಗೆ ಸರಿಯಾಗಿ ಬಂತು. ಓದಿದೆ. ಕಟಕಾನೂ ಓದಿದೆ, ವೃಶ್ಚಿಕಾನೂ ಓದಿದೆ, ಕಟಕದ್ದೇ ವಾಸಿಯಿತ್ತು.