ಜರ್ಮನಿಯಲ್ಲಿ ಕಾರಿನ ಲೈಸೆನ್ಸ್: ಊರಿನ ಡಿಎಲ್ ಬದಲಾಯಿಸಬೇಕೋ, ಮೊದಲಿಂದ ಕಲಿಯಬೇಕೋ?

ತುಮಕೂರಿನಿಂದ ಜರ್ಮನಿಗೆ ಹೊರಡುವವರು ನನ್ನ ಪರಿಚಯದಲ್ಲೇ ಸುಮಾರು ಜನ ಇದ್ದಾರೆ. ಅಲ್ಲಿನ ಎಸ್‌ಐಟಿ ಕಾಲೇಜಿನಲ್ಲಿ ಬಿಇ ಮುಗಿಸಿ ಎಂಎಸ್‌ಗೆ ಹೋಗುವ ಹುಡುಗರು, ಕೆಲಸ ಸಿಕ್ಕಿ ಸಂಸಾರ ಸಮೇತ ಹೋಗುವವರು. ವೀಸಾ, ಮನೆ ಬಾಡಿಗೆ, ಬ್ಯಾಂಕು ಎಲ್ಲಾ ವಿಚಾರಿಸುತ್ತಾರೆ. ಲೈಸೆನ್ಸ್ ಮಾತು ಬರುವುದು ಸೂಟ್‌ಕೇಸ್ ಕಟ್ಟುವಾಗ. ಅಷ್ಟು ಹೊತ್ತಿಗೆ ಮಾಡಬೇಕಾದ ಮುಖ್ಯ ಕೆಲಸಕ್ಕೆ ಸಮಯ ಮೀರಿರುತ್ತದೆ.

ನಮ್ಮ ಮನೆಯಲ್ಲಿ ಎಲ್ಲಾ ದಾರಿಗಳೂ ಆಗಿವೆ. ನನ್ನ ಹತ್ತಿರ ತುಮಕೂರು ಆರ್‌ಟಿಒ ಕೊಟ್ಟ ಡಿಎಲ್ ಇತ್ತು. ಮೊದಲು ಅದರಲ್ಲೇ ಓಡಿಸಿದೆ, ಆಮೇಲೆ ಪರೀಕ್ಷೆ ಬರೆದು ಅದನ್ನು ಜರ್ಮನ್ ಲೈಸೆನ್ಸಿಗೆ ಬದಲಾಯಿಸಿಕೊಂಡೆ. ನಮ್ಮನೆಯವರ ಹತ್ತಿರ ಡಿಎಲ್ ಇರಲೇ ಇಲ್ಲ. ಅವರು ಅ ಆ ಇ ಈಯಿಂದ ಶುರು ಮಾಡಿದರು. ಇಬ್ಬರಿಗೂ ಒಂದೇ ಊರು, ಒಂದೇ ಡ್ರೈವಿಂಗ್ ಸ್ಕೂಲು. ಹಾಗಾಗಿ ಹೋಲಿಸಿ ನೋಡುವುದು ಸುಲಭ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಊರಲ್ಲೇ ಡಿಎಲ್ ಮಾಡಿಸಿಕೊಂಡು ಹೋಗಿ ಅಲ್ಲಿ ಬದಲಾಯಿಸಿಕೊಳ್ಳುವುದೇ ಒಳ್ಳೆಯದು. ಆದರೆ ಆ ದಾರಿಯಲ್ಲಿ ಸಿಗುವ ರಿಯಾಯಿತಿಯನ್ನು ಪೂರ್ತಿ ಬಳಸಿಕೊಳ್ಳಲು ಹೋಗಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲನೆಯದು, ಊರಿನ ಡಿಎಲ್‌ನಲ್ಲೇ ಓಡಿಸುವುದು. ಅಲ್ಲಿ ವಾಸ ಶುರುವಾದ ದಿನದಿಂದ 6 ತಿಂಗಳು ನಮ್ಮ ಡಿಎಲ್ ನಡೆಯುತ್ತದೆ. ಜೊತೆಗೆ ಜರ್ಮನ್ ಅನುವಾದ ಇರಬೇಕು. ಅಲ್ಲಿನ ವಾಹನ ಸವಾರರ ಸಂಘ ಎಡಿಎಸಿ ಈ ಅನುವಾದ ಮಾಡಿಕೊಡುತ್ತದೆ. ನಾನು ಹೊರಡುವ ಮುಂಚೆ ಆರ್‌ಟಿಒದಲ್ಲಿ ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡಿದ್ದೆ. ಪಾಸ್‌ಪೋರ್ಟ್, ವೀಸಾ, ಡಿಎಲ್ ತೋರಿಸಿ 1,000 ರೂಪಾಯಿ ಕಟ್ಟಿದರೆ ಸಣ್ಣ ಪುಸ್ತಕದ ಥರದ್ದು ಕೊಡುತ್ತಾರೆ. ಅದರ ಅವಧಿ 1 ವರ್ಷ. ಇಲ್ಲೇ ಬಹಳ ಜನ ತಪ್ಪು ತಿಳಿಯುವುದು. ಐಡಿಪಿ 1 ವರ್ಷ ಇದೆ ಅಂದಮಾತ್ರಕ್ಕೆ ಜರ್ಮನಿಯಲ್ಲಿ ನೆಲೆಸಿದವರು 1 ವರ್ಷ ಓಡಿಸುವ ಹಾಗಿಲ್ಲ. 6 ತಿಂಗಳು ಅಂದರೆ 6 ತಿಂಗಳೇ. ಒಟ್ಟು ಒಂದು ವರ್ಷದೊಳಗೆ ವಾಪಸ್ ಹೋಗುತ್ತೇವೆ ಅಂತ ದಾಖಲೆ ತೋರಿಸಿದವರಿಗೆ ಮಾತ್ರ ಈ ಗಡುವು ವಿಸ್ತರಿಸಿ ಕೊಡುತ್ತಾರೆ. ಗಡುವು ದಾಟಿ ಸ್ಟಿಯರಿಂಗ್ ಹಿಡಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ. ದಂಡವಷ್ಟೇ ಅಲ್ಲ, ಕಾನೂನಿನಲ್ಲಿ 1 ವರ್ಷದವರೆಗೆ ಜೈಲಿಗೂ ಅವಕಾಶವಿದೆ. ವಿಮೆಯ ಗೋಳು ಬೇರೆ.

ಖರ್ಚಿನಲ್ಲಿ ಇದೇ ಅಗ್ಗದ ದಾರಿ. ಬಂದ ಹೊಸದರಲ್ಲಿ ಸಾಮಾನು ತರಲು, ಮನೆ ಹುಡುಕಲು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಇದನ್ನು ನೆಚ್ಚಿಕೊಂಡು ಕೂತರೆ ಆರು ತಿಂಗಳು ಹೋದದ್ದೇ ಗೊತ್ತಾಗುವುದಿಲ್ಲ. ಬದಲಾವಣೆಯ ಅರ್ಜಿ ಕಚೇರಿಯಲ್ಲಿ ನಿಧಾನವಾಗಿ ತೆವಳುತ್ತದೆ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಅರ್ಜಿ ಹಾಕಿಬಿಡುವುದು ವಾಸಿ.

ಎರಡನೆಯ ದಾರಿಗೆ ಹೋಗುವ ಮುಂಚೆ ಒಂದು ಮಾತು. ಕಳೆದ ಸಲ ಊರಿಗೆ ಬಂದಾಗ ಬಟವಾಡಿಯಲ್ಲಿ ನಮ್ಮ ಪಕ್ಕದ ಮನೆ ಹುಡುಗ ಕೇಳಿದ. ಅವನ ಕೈಯಲ್ಲಿ ಆಗ ಎಲ್‌ಎಲ್‌ಆರ್ ಅಷ್ಟೇ ಇತ್ತು.

"ಅಕ್ಕ, ಈಗ ಹೋಗ್ತೀನಿ, ಮುಂದಿನ ವರ್ಷ ರಜಕ್ಕೆ ಬಂದಾಗ ಡಿಎಲ್ ಮಾಡಿಸ್ಕೊಂಡ್ರೆ ಆಗಲ್ವಾ?"

"ಆಗಲ್ಲ ಕಣೋ. ಅಲ್ಲಿ ವಾಸ ಶುರುವಾದ ಮೇಲೆ ಇಲ್ಲಿ ತಗೊಂಡ ಡಿಎಲ್‌ನ ಅವರು ಲೆಕ್ಕಕ್ಕೇ ತಗೊಳಲ್ಲ. ಎಲ್‌ಎಲ್‌ಆರ್ ಅಂತೂ ನಡೆಯೋದೇ ಇಲ್ಲ."

ಪಾಪ, ಅವನ ಮುಖ ಸಪ್ಪಗಾಯಿತು. ಆದರೆ ನಿಯಮ ಇರುವುದೇ ಹಾಗೆ. ನಮ್ಮಲ್ಲಿ ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್ ಇರುವುದು 6 ತಿಂಗಳು. ಅಡ್ಮಿಷನ್ ಪತ್ರ ಬಂದ ದಿನವೇ ಎಲ್‌ಎಲ್‌ಆರ್‌ಗೆ ಹಾಕಿದರೂ ವೀಸಾ ಬರುವಷ್ಟರಲ್ಲಿ ಡಿಎಲ್ ಕೈಗೆ ಬಂದಿರುತ್ತದೆ. ಇದೊಂದು ಕೆಲಸದಿಂದ ಅಲ್ಲಿ ಉಳಿಯುವ ದುಡ್ಡು ಸಣ್ಣದಲ್ಲ.

ಈಗ ಬದಲಾವಣೆಯ ದಾರಿ. ಕೆಲವು ದೇಶಗಳ ಲೈಸೆನ್ಸ್ ಕೊಟ್ಟರೆ ಜರ್ಮನಿ ಪರೀಕ್ಷೆಯಿಲ್ಲದೆ ತನ್ನದನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ನಾವು ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸು ಮಾಡಬೇಕು. ಸಿಗುವ ರಿಯಾಯಿತಿ ಒಂದೇ: ಕಡ್ಡಾಯ ತರಗತಿಗಳಿಲ್ಲ, ಇಷ್ಟೇ ಗಂಟೆ ಓಡಿಸಿರಬೇಕು ಅನ್ನುವ ನಿಯಮವೂ ಇಲ್ಲ. ಆದರೂ ಡ್ರೈವಿಂಗ್ ಸ್ಕೂಲಿಗೆ ಸೇರಲೇಬೇಕು, ಯಾಕೆಂದರೆ ಪರೀಕ್ಷೆ ನಡೆಯುವುದು ಅವರ ಕಾರಿನಲ್ಲಿ, ಪಕ್ಕದಲ್ಲಿ ಅವರ ಮೇಷ್ಟ್ರು ಕೂತಿರಬೇಕು.

ಅರ್ಜಿಗೆ ಕಣ್ಣಿನ ಪರೀಕ್ಷೆ, ಫೋಟೊ, ಡಿಎಲ್ ಅನುವಾದ, ಪ್ರಥಮ ಚಿಕಿತ್ಸೆ ಕಲಿತ ಪ್ರಮಾಣಪತ್ರ ಬೇಕು. ಕಣ್ಣಿನ ಪರೀಕ್ಷೆ ಕನ್ನಡಕದ ಅಂಗಡಿಯಲ್ಲೇ ಮುಗಿಯುತ್ತದೆ. ಪ್ರಥಮ ಚಿಕಿತ್ಸೆ ತರಗತಿ ಮಾತ್ರ ಪೂರ್ತಿ ಒಂದು ದಿನದ್ದು. ತಲಾ 45 ನಿಮಿಷದ 9 ಪಾಠ. ನೆಲದ ಮೇಲೆ ಮಲಗಿಸಿದ ಗೊಂಬೆಯ ಎದೆ ಒತ್ತುವುದು, ಪ್ರಜ್ಞೆ ಇಲ್ಲದವರನ್ನು ಪಕ್ಕಕ್ಕೆ ಹೊರಳಿಸುವುದು, ಬೈಕ್ ಸವಾರನ ಹೆಲ್ಮೆಟ್ ಕುತ್ತಿಗೆ ಅಲುಗದ ಹಾಗೆ ತೆಗೆಯುವುದು, ಎಲ್ಲಾ ಕೈಯಾರೆ ಮಾಡಿಸುತ್ತಾರೆ. ಇಡೀ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಕ್ಯಾತ್ಸಂದ್ರದಿಂದ ನೆಲಮಂಗಲದವರೆಗಿನ ಹೆದ್ದಾರಿಯಲ್ಲಿ ಆಗುವ ಅಪಘಾತಗಳನ್ನು ನೆನೆಸಿಕೊಂಡರೆ, ಡಿಎಲ್ ಕೊಡುವ ಮುಂಚೆ ನಮ್ಮಲ್ಲೂ ಇಂಥದ್ದೊಂದು ದಿನ ಇರಬೇಕಿತ್ತು ಅನ್ನಿಸುತ್ತದೆ.

ಥಿಯರಿ ಪರೀಕ್ಷೆ ಕಂಪ್ಯೂಟರಿನಲ್ಲಿ. 30 ಪ್ರಶ್ನೆ. ತಪ್ಪಿದ್ದಕ್ಕೆ ಅಂಕ ಸೇರುತ್ತಾ ಹೋಗುತ್ತದೆ, 10 ದಾಟಿದರೆ ಫೇಲು. 5 ಅಂಕದ ಎರಡು ಪ್ರಶ್ನೆ ತಪ್ಪಿದರೂ ಫೇಲು. ಇಂಗ್ಲಿಷಿನಲ್ಲಿ ಬರೆಯಬಹುದು. ಪ್ರಶ್ನೆಗಳ ರಾಶಿ ಸಾವಿರಕ್ಕೂ ಮೇಲಿದೆ, ಆದರೆ ಮೊಬೈಲ್ ಆ್ಯಪ್‌ನಲ್ಲಿ ದಿನಾ ಸ್ವಲ್ಪ ಮಾಡಿದರೆ ಕಷ್ಟವಿಲ್ಲ. ಪಾಸಾದ ಮೇಲೆ 12 ತಿಂಗಳೊಳಗೆ ಪ್ರಾಕ್ಟಿಕಲ್ ಮುಗಿಸಬೇಕು.

ಪ್ರಾಕ್ಟಿಕಲ್ ಬೇರೆಯದೇ ವಿಷಯ. ಸುಮಾರು 55 ನಿಮಿಷ. ಪಕ್ಕದಲ್ಲಿ ಮೇಷ್ಟ್ರು, ಹಿಂದಿನ ಸೀಟಿನಲ್ಲಿ ಪರೀಕ್ಷಕರು. ಇದು ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಹೆದರಬೇಕಾಗಿಲ್ಲ, ಲಿಂಕ್ಸ್, ರೆಖ್ಟ್ಸ್, ಗೆರಾಡೆಔಸ್, ಅಂದರೆ ಎಡ, ಬಲ, ನೇರ ಗೊತ್ತಿದ್ದು ಇನ್ನೊಂದಷ್ಟು ವಾಕ್ಯ ಅಭ್ಯಾಸ ಮಾಡಿಕೊಂಡರೆ ಸಾಕು.

ಊರಲ್ಲಿ ವರ್ಷಗಟ್ಟಲೆ ಓಡಿಸಿದವರಿಗೆ ಅಲ್ಲಿ ಕೈಕಾಲಿಗಿಂತ ಕಣ್ಣಿಗೆ ಹೊಸ ಅಭ್ಯಾಸ ಬೇಕು. ಬಲಗಡೆ ಸಂಚಾರ, ಸ್ಟಿಯರಿಂಗ್ ಎಡಗಡೆ, ಗೇರು ಬಲಗೈಗೆ. ಮಾರುತಿ, ಹ್ಯುಂಡೈ ಓಡಿಸಿದವರ ಕೈ ಇಂಡಿಕೇಟರಿಗೆ ಅಂತ ಬಲಗಡೆಯ ಕಡ್ಡಿ ಎಳೆಯುತ್ತದೆ, ಬಿಸಿಲಲ್ಲಿ ವೈಪರ್ ಆಡುತ್ತದೆ. ಇದೆಲ್ಲ ಬೇಗ ಸರಿಹೋಗುತ್ತದೆ. ನಿಜವಾದ ಪರೀಕ್ಷೆ ಇರುವುದು ಬೋರ್ಡು, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ. 30 ಕಿ.ಮೀ. ಮಿತಿಯ ಬಡಾವಣೆಗಳಲ್ಲಿ ಇಂಥವು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಬಲಗಡೆಯ ಓಣಿಯಿಂದ ಬರುವವರಿಗೆ ಮೊದಲ ಹಕ್ಕು. ಆ ಓಣಿ ಎಷ್ಟೇ ಕಿರಿದಾಗಿರಲಿ, ನಮ್ಮ ರಸ್ತೆ ಎಷ್ಟೇ ಅಗಲ ಇರಲಿ. ನಮ್ಮ ದೇಶದ ರಸ್ತೆ ನಿಯಮದಲ್ಲೂ ಮುಖ್ಯ ರಸ್ತೆಯಲ್ಲದ ಕಡೆ ಬಲದಿಂದ ಬರುವವರಿಗೆ ದಾರಿ ಬಿಡಬೇಕು ಅಂತಲೇ ಇದೆ. ಆದರೆ ಎಸ್.ಎಸ್. ಪುರಂ ಕ್ರಾಸುಗಳಲ್ಲಿ ದಾರಿ ಸಿಗುವುದು ಹಾರ್ನ್ ಹೊಡೆದು ಮೊದಲು ನುಗ್ಗಿದವರಿಗೆ ಅಲ್ವಾ? ಜರ್ಮನಿಯಲ್ಲಿ ಊರೊಳಗೆ ಅಪಾಯವಿಲ್ಲದೆ ಹಾರ್ನ್ ಒತ್ತುವಂತಿಲ್ಲ. ಪ್ರತಿ ಓಣಿಯ ಬಾಯಲ್ಲೂ ವೇಗ ಇಳಿಸಿ, ಬಲಕ್ಕೆ ಕತ್ತು ತಿರುಗಿಸಿ, ಯಾರೂ ಇಲ್ಲ ಅಂತ ನೋಡಿಯೇ ಮುಂದೆ ಹೋಗಬೇಕು. ಪರೀಕ್ಷಕರು ಹಿಂದಿನಿಂದ ನೋಡುತ್ತಿರುವುದು ಆ ಕತ್ತನ್ನೇ.

ಭುಜದ ಮೇಲಿಂದ ಹಿಂತಿರುಗಿ ನೋಡುವುದೂ ಹಾಗೇ. ಬಲಕ್ಕೆ ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಪಕ್ಕದಲ್ಲಿ ಸೈಕಲ್ ಬರುತ್ತಿದೆಯಾ ಅಂತ ಕತ್ತು ತಿರುಗಿಸಿ ನೋಡಬೇಕು. ಸೈಕಲನ್ನು ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ 2 ಮೀಟರ್ ಜಾಗ ಬಿಡಬೇಕು. ಜಾಗ ಇಲ್ಲವಾದರೆ ಸೈಕಲಿನ ಹಿಂದೆಯೇ ಹೋಗಬೇಕು.

ಇನ್ನು ಆಟೊಬಾನ್, ಅಂದರೆ ಜರ್ಮನಿಯ ಹೆದ್ದಾರಿ. ನಮ್ಮ ಹೆದ್ದಾರಿಯಲ್ಲಿ ಲಾರಿಗಳು ಬಲಗಡೆ ಲೇನ್ ಹಿಡಿದು ಹೋಗುತ್ತವೆ, ನಾವು ಎಡಗಡೆಯಿಂದ ನುಸುಳಿ ದಾಟುತ್ತೇವೆ. ಅಲ್ಲಿ ಎಲ್ಲಾ ತಿರುವುಮುರುವು. ಬಲಗಡೆ ಲೇನಿನಲ್ಲಿ ಹೋಗಬೇಕು, ಎಡಗಡೆಯಿಂದ ಮಾತ್ರ ದಾಟಬೇಕು, ದಾಟಿದ ಮೇಲೆ ಬಲಕ್ಕೆ ಮರಳಬೇಕು. ಮಿತಿ ಇಲ್ಲದ ಕಡೆ ಗಂಟೆಗೆ 130 ಕಿ.ಮೀ. ಶಿಫಾರಸಿನ ವೇಗ ಅಷ್ಟೇ, ಅದಕ್ಕಿಂತ ಬಹಳ ಜೋರಾಗಿ ಬರುವವರು ಇರುತ್ತಾರೆ. ಕನ್ನಡಿಯಲ್ಲಿ ಚುಕ್ಕಿಯ ಹಾಗೆ ಕಂಡ ಕಾರು ನೀವು ಲೇನ್ ಬದಲಾಯಿಸುವಷ್ಟರಲ್ಲಿ ಹಿಂದೆಯೇ ಬಂದಿರುತ್ತದೆ.

ನಮ್ಮನೆಯವರ ದಾರಿ ಇಲ್ಲೇ ಗೆಲ್ಲುವುದು. ಅವರು ಕಲಿಯುವಾಗಿನ ನಿಯಮದಂತೆ ತಲಾ 90 ನಿಮಿಷದ 14 ಥಿಯರಿ ತರಗತಿಗಳಿಗೆ ಹಾಜರಾಗಬೇಕಿತ್ತು. ಮಾಮೂಲಿ ಪಾಠದ ಜೊತೆಗೆ 12 ವಿಶೇಷ ಪಾಠ ಕಡ್ಡಾಯ: ಊರಾಚೆಯ ರಸ್ತೆಯಲ್ಲಿ 5, ಆಟೊಬಾನ್‌ನಲ್ಲಿ 4, ಕತ್ತಲಲ್ಲಿ 3. ಸಂಜೆ ಕೆಲಸ ಮುಗಿಸಿ ಸೀದಾ ತರಗತಿಗೆ ಓಡುತ್ತಿದ್ದರು. ಹೀಗೆ ಕಲಿಯುವವರಿಗೆ ಒಟ್ಟು ಖರ್ಚು 2,500 ಯೂರೋ ದಾಟುವುದು ಸಾಮಾನ್ಯ, ಅವರದ್ದೂ ದಾಟಿತು. ನನ್ನದು ಅದರ ಅರ್ಧದೊಳಗೇ ಮುಗಿಯಿತು, ಸಮಯವೂ ಬಹಳ ಕಡಿಮೆ ಹಿಡಿಯಿತು.

ಆದರೆ ಅವರು ರಾತ್ರಿ ಪಾಠ ಮುಗಿಸಿ ಬಂದು ಹೇಳುತ್ತಿದ್ದ ವಿಷಯಗಳು ನನಗೆ ಗೊತ್ತೇ ಇರಲಿಲ್ಲ. ಕಾಡಿನ ನಡುವಿನ ದೀಪವಿಲ್ಲದ ರಸ್ತೆಯಲ್ಲಿ ಹೈಬೀಮ್ ಯಾವಾಗ ಹಾಕಬೇಕು, ಎದುರು ಗಾಡಿ ಕಂಡಾಗ ಎಷ್ಟು ದೂರದಲ್ಲೇ ಇಳಿಸಬೇಕು, ಜಿಂಕೆ ಅಡ್ಡ ಬಂದರೆ ಏನು ಮಾಡಬೇಕು. ಅದಕ್ಕೇ ನನಗೆ ಕಡ್ಡಾಯವಿಲ್ಲದಿದ್ದರೂ ಆಟೊಬಾನ್ ಪಾಠ, ರಾತ್ರಿ ಪಾಠ ಎರಡನ್ನೂ ದುಡ್ಡು ಕೊಟ್ಟು ತಗೊಂಡೆ. ಬದಲಾವಣೆಯ ದಾರಿ ಹಿಡಿದವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ಈ ಪಾಠಗಳಿಗೆ ಹಾಕಿ. "ನಂಗೆ ಹತ್ತು ವರ್ಷದ ಅನುಭವ ಇದೆ" ಅಂತ ಸೀದಾ ಪರೀಕ್ಷೆಗೆ ಕೂರುವವರು ಫೇಲಾಗಿ ಮತ್ತೆ ಶುಲ್ಕ ಕಟ್ಟುವುದನ್ನು ಆ ಸ್ಕೂಲಿನಲ್ಲೇ ನೋಡಿದ್ದೇನೆ.

ಗೇರಿನ ವಿಷಯದಲ್ಲಿ ನಾವಿಬ್ಬರೂ ಬೇರೆ ಬೇರೆ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಲೈಸೆನ್ಸಿನಲ್ಲಿ 78 ಅಂತ ಸಂಕೇತ ಬೀಳುತ್ತದೆ, ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. 2021ರಿಂದ ಇನ್ನೊಂದು ಅನುಕೂಲ ಬಂದಿದೆ. ಮ್ಯಾನುಯಲ್‌ನಲ್ಲಿ ಕನಿಷ್ಠ 10 ಪಾಠ ಮಾಡಿ, ಸ್ಕೂಲಿನವರೇ ನಡೆಸುವ 15 ನಿಮಿಷದ ಪರೀಕ್ಷೆ ಪಾಸಾದರೆ, ಮುಖ್ಯ ಪರೀಕ್ಷೆ ಆಟೊಮ್ಯಾಟಿಕ್‌ನಲ್ಲಿ ಕೊಟ್ಟರೂ ಎರಡೂ ಓಡಿಸಬಹುದು. ಅವರು ಅದನ್ನೇ ಆರಿಸಿಕೊಂಡರು. ಊರಲ್ಲಿ ಕ್ಲಚ್ ತುಳಿದು ಪಳಗಿದ ನಾನು ಮ್ಯಾನುಯಲ್‌ನಲ್ಲೇ ಕೊಟ್ಟೆ. ಕ್ಲಚ್ ಗೊತ್ತಿರುವವರು ಆಟೊಮ್ಯಾಟಿಕ್‌ಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಲೈಸೆನ್ಸ್ ಬಂದ ಮೇಲೂ ಒಂದು ವ್ಯತ್ಯಾಸವಿದೆ. ಹೊಸಬರಿಗೆ 2 ವರ್ಷ ಪ್ರೊಬೇಷನ್ ಅವಧಿ, ಆಗ ಒಂದು ಹನಿ ಮದ್ಯ ಕುಡಿದೂ ಓಡಿಸುವಂತಿಲ್ಲ. ಬದಲಾಯಿಸಿಕೊಂಡವರಿಗೆ ಊರಿನ ಡಿಎಲ್‌ನ ಹಳೆಯ ವರ್ಷಗಳನ್ನು ಇದರಲ್ಲಿ ಕಳೆಯುತ್ತಾರೆ. ಪ್ರತಿಯಾಗಿ ನಮ್ಮ ಡಿಎಲ್ ಕಾರ್ಡನ್ನು ಅವರ ಕೈಗೆ ಒಪ್ಪಿಸಬೇಕು. ಒಪ್ಪಿಸುವ ಮುಂಚೆ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಇಂಗ್ಲೆಂಡಿಗೆ ಹೋಗುವವರ ಲೆಕ್ಕ ಬೇರೆ. ನನ್ನ ತಮ್ಮ ಅಲ್ಲಿದ್ದಾನೆ. ಊರಿನ ಡಿಎಲ್ 12 ತಿಂಗಳು ನಡೆಯುತ್ತದೆ, ರಸ್ತೆಯೂ ನಮ್ಮ ಹಾಗೆ ಎಡಗಡೆ. ಆದರೆ ಅಲ್ಲೂ ನಮ್ಮ ಡಿಎಲ್ ಬದಲಾಯಿಸಿಕೊಡುವುದಿಲ್ಲ. ಪ್ರಾವಿಷನಲ್ ಲೈಸೆನ್ಸ್, ಅಂದರೆ ಕಲಿಯುವವರ ಲೈಸೆನ್ಸ್ ತಗೊಂಡು ಥಿಯರಿಯಲ್ಲಿ 50ಕ್ಕೆ 43, ವಿಡಿಯೊ ನೋಡಿ ಅಪಾಯ ಗುರುತಿಸುವ ಭಾಗದಲ್ಲಿ 75ಕ್ಕೆ 44 ತೆಗೆಯಬೇಕು, ಆಮೇಲೆ ಪ್ರಾಕ್ಟಿಕಲ್. ಅವನಿಗೆ ಓಡಿಸುವುದಕ್ಕಿಂತ ಪ್ರಾಕ್ಟಿಕಲ್‌ಗೆ ದಿನಾಂಕ ಸಿಗುವುದೇ ಕಷ್ಟವಾಯಿತು. ಅಲ್ಲಿಗೆ ಹೋಗುವವರು ಮೊದಲ ತಿಂಗಳಲ್ಲೇ ಪ್ರಾವಿಷನಲ್‌ಗೆ ಹಾಕಲಿ.

ಜರ್ಮನಿಯ ಮಟ್ಟಿಗೆ ನಾನು ಯಾರಿಗೆ ಯಾವುದು ಹೇಳುತ್ತೇನೆ ಅಂದರೆ, ಊರಲ್ಲಿ ಡಿಎಲ್ ಇದ್ದು ನಿಜವಾಗಿ ಓಡಿಸಿ ಅಭ್ಯಾಸ ಇರುವವರು ಕಣ್ಣುಮುಚ್ಚಿ ಬದಲಾವಣೆಗೆ ಹೋಗಿ, ವಿಶೇಷ ಪಾಠಗಳನ್ನು ಸೇರಿಸಿಕೊಳ್ಳಿ. ಕಾರ್ಡ್ ಇದೆ, ಆದರೆ ಸ್ಟಿಯರಿಂಗ್ ಮುಟ್ಟಿ ವರ್ಷಗಳಾಗಿವೆ ಅನ್ನುವವರೂ ಬದಲಾವಣೆಗೇ ಅರ್ಜಿ ಹಾಕಿ, ಆದರೆ ಹೊಸಬರ ಹಾಗೆ ಪೂರ್ತಿ ಕಲಿಯಿರಿ. ಸ್ಕೂಲಿನವರು ಬೇಡ ಅನ್ನುವುದಿಲ್ಲ. ಡಿಎಲ್ ಇಲ್ಲದೆ ಈಗಾಗಲೇ ಹೋಗಿಬಿಟ್ಟವರಿಗೆ ನಮ್ಮನೆಯವರ ದಾರಿಯೇ ದಾರಿ. ದುಬಾರಿ, ಆದರೆ ಕಲಿಕೆ ಗಟ್ಟಿ.

ಹೊರಡುವ ಮುಂಚೆ ಡಿಎಲ್ ಮೇಲಿನ ದಿನಾಂಕ ನೋಡಿಕೊಳ್ಳಿ. 30 ದಾಟದೆ ತಗೊಂಡವರಿಗೆ 40 ವಯಸ್ಸಿನವರೆಗೆ ಇರುತ್ತದೆ, 30ರಿಂದ 50ರ ಒಳಗೆ ತಗೊಂಡಿದ್ದರೆ 10 ವರ್ಷ. ಅವಧಿ ಮುಗಿಯುವ 1 ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಹಾಕಬಹುದು. ಅಲ್ಲಿಗೆ ಹೋದ ಮೇಲೆ ಅವಧಿ ಮುಗಿದರೆ ಇದಕ್ಕೋಸ್ಕರವೇ ತುಮಕೂರಿಗೆ ಬರಬೇಕಾಗಬಹುದು, ಇಲ್ಲೇ ಮುಗಿಸಿಕೊಂಡು ವಿಮಾನ ಹತ್ತಿ.