ಡಿಸ್ನಿ ಪಾಯಿಂಟ್ ಬಾಡಿಗೆ: ದುಡ್ಡು ಕೊಡುವ ಮುಂಚೆ ನಾನು ನೋಡಿಕೊಂಡಿದ್ದು

ಮೈಸೂರಿಂದ ಅಪ್ಪ ಅಮ್ಮ ಬಂದಿದ್ದಾಗ ನಾವು ನಾಲ್ವರು ಫ್ಲೋರಿಡಾದ ಡಿಸ್ನಿ ರೆಸಾರ್ಟ್ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ ಐದು ರಾತ್ರಿ ಇದ್ದೆವು. ರೂಮನ್ನು ನೇರವಾಗಿ ಹಿಡಿಯಲಿಲ್ಲ, ಡಿಸ್ನಿ ವೆಕೇಶನ್ ಕ್ಲಬ್ಬಿನ ಸದಸ್ಯೆಯೊಬ್ಬರ 75 ಪಾಯಿಂಟ್ ಬಾಡಿಗೆಗೆ ಪಡೆದೆ. ಈ ಕ್ಲಬ್ಬಿನ ಸದಸ್ಯರು ರೆಸಾರ್ಟಿನಲ್ಲಿ ಪಾಲು ಕೊಂಡಿರುತ್ತಾರೆ, ಅದಕ್ಕೆ ವರ್ಷವರ್ಷ ಸಿಗುವ ಪಾಯಿಂಟಿನಿಂದ ತಮಗೋ ಬೇರೆಯವರಿಗೋ ರೂಮ್ ಬುಕ್ ಮಾಡುತ್ತಾರೆ. ಪಾಯಿಂಟಿಗೆ 18 ಡಾಲರ್, ಒಟ್ಟು 1,350. ಸ್ಟುಡಿಯೋದಲ್ಲಿ ಮೈಕ್ರೊವೇವ್, ಪುಟ್ಟ ಫ್ರಿಜ್ ಇದ್ದವು, ಒಲೆ ಇಲ್ಲ. ಅಮ್ಮನ ಮೊಸರನ್ನಕ್ಕೆ ಅಷ್ಟು ಸಾಕಾಯಿತು.

ನನಗೆ ನಿಜವಾಗಿ ಭಯವಿದ್ದದ್ದು ಒಂದಕ್ಕೆ. ಬುಕಿಂಗ್ ನಮ್ಮ ಹೆಸರಲ್ಲಿದ್ದರೂ ಹಿಡಿತ ಪಾಯಿಂಟಿನ ಮಾಲೀಕರಾದ ಆ ಸದಸ್ಯೆಯದ್ದೇ. ಅವರು ಯಾವಾಗ ಬೇಕಾದರೂ ರದ್ದು ಮಾಡಬಹುದು. ಅದಕ್ಕೇ ಮೊದಲು ರೆಸಾರ್ಟ್ ಇರುವ ಆರೆಂಜ್ ಕೌಂಟಿಯ ಸಾರ್ವಜನಿಕ ದಾಖಲೆಯಲ್ಲಿ ಅವರ ಹೆಸರಿನ ಡೀಡ್ (ಪಾಲಿನ ಮಾಲೀಕತ್ವದ ಪತ್ರ) ಹುಡುಕಿದೆ, ಸಿಕ್ಕಿತು. ಅವರು ಕ್ಲಬ್ಬಿಗೆ ಕಟ್ಟುವ ವರ್ಷದ ಡ್ಯೂಸ್ (ನಿರ್ವಹಣಾ ಶುಲ್ಕ) ಬಾಕಿಯಿಲ್ಲ, ರದ್ದಾದರೆ ಪೂರ್ತಿ ಹಣ ವಾಪಸ್ ಎಂದು ಒಪ್ಪಂದದಲ್ಲಿ ಬರೆಸಿಕೊಂಡೆ. ಮೊದಲು ಅರ್ಧ ದುಡ್ಡು. ಕನ್ಫರ್ಮೇಶನ್ ನಂಬರನ್ನು ನನ್ನ ಡಿಸ್ನಿ ಅಕೌಂಟಿಗೆ ಜೋಡಿಸಿ, ತಾರೀಖು, ನಾಲ್ವರ ಹೆಸರು ಕಣ್ಣಾರೆ ನೋಡಿದ ಮೇಲೆ ಉಳಿದರ್ಧ. ಅವರು ಝೆಲ್ (ಬ್ಯಾಂಕ್ ಖಾತೆಯಿಂದ ಖಾತೆಗೆ ನೇರ ಹಣ ಕಳಿಸುವ ಸೇವೆ) ಕೇಳಿದ್ದರು, ಅಲ್ಲಿ ಹೋದ ದುಡ್ಡು ವಾಪಸ್ ಪಡೆಯುವುದು ಕಷ್ಟವೆಂದು ನಾನು ಒಪ್ಪಲಿಲ್ಲ. ಪೇಪ್ಯಾಲ್‌ನಲ್ಲಿ, ಅದೂ 'ಗೂಡ್ಸ್ ಅಂಡ್ ಸರ್ವಿಸಸ್' (ಕೊಳ್ಳುವವರಿಗೆ ದೂರು ಕೊಡುವ ಅವಕಾಶವಿರುವ ಬಗೆ) ಎಂದೇ ಕಳಿಸಿದೆ. ಅಲ್ಲಿ ದೂರು ಕೊಡಲು ಹಣ ಕಟ್ಟಿದಾಗಿನಿಂದ 180 ದಿನ ಮಾತ್ರ. ಪ್ರವಾಸ ಅದರೊಳಗೇ ಮುಗಿಯುವಂತೆ ತಾರೀಖು ಹಿಡಿದೆವು.

ರೂಮ್ ದಿನಾ ಗುಡಿಸುವುದಿಲ್ಲ, ತಿಳಿದಿರಲಿ. ಅದೇ ಸದಸ್ಯೆಯ ಪಾಯಿಂಟನ್ನು ಮತ್ತೆ ಪಡೆಯುತ್ತೇನೆ, ಇದೇ ಷರತ್ತಿನಲ್ಲಿ.